ಮಾಮಾನ ಬೆನ್ನು, ಅತ್ತೆಯ ಚಪ್ಪಲಿ

ನಮ್ಮ ಮಾಮಾನ ಮುಖ ನೋಡಿದವರಿಗಿಂತ ಬೆನ್ನು ನೋಡಿದವರೇ ಬ್ಯಾಡಗಿಯಲ್ಲಿ ಹೆಚ್ಚು! ಅತಿಯಾಯಿತು ಅನಿಸಿದರೆ ಮೆಣಸಿನಕಾಯಿ ಪೇಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿ. ಮಾಮಾನ ಮೂಗು ಹೇಗಿದೆ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಬೆನ್ನು ಹೇಗಿದೆ ಎಂದರೆ, ಬಿಳಿ ಜುಬ್ಬಾ, ಎಡ ಹೆಗಲ ಮೇಲೆ ಶಲ್ಯದ ಹಾಗೆ ಮಡಿಸಿದ ವಲ್ಲಿ, ಕತ್ತಿನ ಹಿಂದೆ ಒಂದು ಕರೀ ಮಚ್ಚೆ ಎಂದು ತಟ್ಟನೆ ಹೇಳಿಬಿಡುತ್ತಾರೆ. ಮಾಮಾ ಎದುರಿಗೆ ಬರುವವನಲ್ಲ, ದಾಟಿ ಹೋಗುವವನು. ನಮ್ಮ ಪಕ್ಕದಲ್ಲಿ ಹೋದವನು ಅವನೇ ಇರಬೇಕು ಎಂದು ಹೊಳೆಯುವಷ್ಟರಲ್ಲಿ ಅವನು ಇನ್ನೊಂದು ಓಣಿಯಲ್ಲಿರುತ್ತಾನೆ.

ಆ ಬೆನ್ನನ್ನು ಎಲ್ಲರಿಗಿಂತ ಹೆಚ್ಚು ನೋಡಿದವಳು ಅವನ ಹೆಂಡತಿ, ನಮ್ಮ ಅತ್ತೆ. ನಮ್ಮ ಕಡೆ ಗಂಡ ಮುಂದೆ, ಹೆಂಡತಿ ಹಿಂದೆ ನಡೆಯುವುದು ಹೊಸದೇನಲ್ಲ. ಆದರೆ ಬೇರೆ ಗಂಡಂದಿರು ಆಗಾಗ ತಿರುಗಿ, ಹೆಂಡತಿ ಬರುತ್ತಿದ್ದಾಳೋ ಬಳೆಗಾರನ ಅಂಗಡಿ ಹೊಕ್ಕಳೋ ಎಂದು ನೋಡುತ್ತಾರೆ. ನಮ್ಮ ಮಾಮಾ ಮದುವೆಯ ಹಂದರದಿಂದ ಹೊರಬಿದ್ದ ದಿನ ಮುಂದೆ ಹೊರಟವನು ಇಪ್ಪತ್ತೆಂಟು ವರ್ಷ ಹಿಂತಿರುಗಿ ನೋಡಿರಲಿಲ್ಲ. ಬ್ಯಾಡಗಿಯ ಅಂಗಡಿಯವರು ಮಾಮಾನ ಬೆನ್ನು ದಾಟಿತೆಂದರೆ, ಇನ್ನು ಅಕ್ಕಾರು ಬರುವ ಹೊತ್ತಾಯಿತು ಎಂದು ಗಡಿಯಾರ ನೋಡಿದಂತೆ ರಸ್ತೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಚಟಕ್ ಚಟಕ್ ಎಂದು ಚಪ್ಪಲಿ ಬಡಿಯುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ಬರುತ್ತಿದ್ದಳು.

ಒಮ್ಮೆ ಮಾಮಾ, ಅತ್ತೆ, ನಾನು ಮೂವರೂ ಹಾವೇರಿಯಿಂದ ರಾಣೇಬೆನ್ನೂರಿಗೆ ಮದುವೆಗೆ ಹೊರಟಿದ್ದೆವು. ಬಸ್ಸು ಕಿಕ್ಕಿರಿದಿತ್ತು. ಮಾಮಾ ಮುಂದಿನ ಬಾಗಿಲಿನಿಂದ ಹತ್ತಿ ಗಂಡಸರ ನಡುವೆ ನಿಂತ. ನಾವಿಬ್ಬರೂ ಹಿಂದಿನಿಂದ ಹತ್ತಿ ಹೆಂಗಸರ ನಡುವೆ ಸಿಕ್ಕಿಕೊಂಡೆವು. ಮಾಮಾ ಮೂರು ಟಿಕೀಟು ಕೇಳಿದ. ಉಳಿದಿಬ್ಬರು ಯಾರು ಎಂದು ಕಂಡಕ್ಟರ್ ಕೇಳಿದರೆ ಮಾಮಾ ತಿರುಗದೆ, ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿ, ಹಿಂದ ಅದಾರ ಅಂದ. ಪಾಪ, ಕಂಡಕ್ಟರ್ ಹಿಂದೆ ಬಂದು, ಯಾರ ಯಜಮಾನರು ಮುಂದೆ ಟಿಕೀಟು ತೆಗೆಸ್ಯಾರ್ರಿ ಎಂದು ಕೇಳಿದ. ಬಸ್ಸಿನಲ್ಲಿದ್ದ ಅಷ್ಟೂ ಹೆಂಗಸರು ಒಂದೇ ಸಲಕ್ಕೆ, ನಮ್ಮವರು ಎಂದರು! ಯಜಮಾನರ ಹೆಸರು ಹೇಳ್ರಿ ಎಂದ. ಅಷ್ಟೂ ಹೆಂಗಸರು ಒಂದೇ ಸಲಕ್ಕೆ ಸೆರಗು ಬಾಯಿಗೆ ಹಿಡಿದು ನಕ್ಕರು. ಹೆಸರು ಹೇಳುವ ಹೆಂಗಸು ಆ ಬಸ್ಸಿನಲ್ಲಿ ಎಲ್ಲಿಂದ ಬರಬೇಕು? ಕಂಡಕ್ಟರ್ ಆ ದಿನ ಎಷ್ಟು ಟಿಕೀಟು ಹರಿದನೋ ಶಿವನಿಗೇ ಗೊತ್ತು.

ಹೆಸರಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅತ್ತೆ ಮಾಮಾನ ಹೆಸರು ಹೇಳುತ್ತಿರಲಿಲ್ಲ, ಅದು ಪದ್ಧತಿ. ಮಾಮಾನೂ ಅತ್ತೆಯ ಹೆಸರು ಹೇಳುತ್ತಿರಲಿಲ್ಲ, ಅದು ಅವನ ಸ್ವಂತ ಪದ್ಧತಿ! ಕರೆಯಬೇಕಾದರೆ 'ಏ' ಅನ್ನುತ್ತಿದ್ದ. ಸಿಟ್ಟಿದ್ದರೆ ಗಿಡ್ಡ 'ಏ', ಹಸಿವಾಗಿದ್ದರೆ ಉದ್ದ 'ಏ'. ಚಿಕ್ಕವಳಿದ್ದಾಗ ಅತ್ತೆಯ ಹೆಸರೇ 'ಏ' ಎಂದು ನಾನು ಬಹಳ ದಿನ ತಿಳಿದಿದ್ದೆ. ಜನಗಣತಿಗೆ ಬಂದ ಮಾಸ್ತರರೊಬ್ಬರು ಹೊರಗಿನ ಕಟ್ಟೆಯ ಮೇಲೆ ಕೂತು ಮನೆಯವರ ಹೆಸರು ಕೇಳಿದಾಗ ಮಾಮಾ ಒಳಗೆ ಮುಖ ಮಾಡದೆಯೇ, ನಿನ್ನ ಹೆಸರು ಕೇಳಾಕತ್ತಾರ ಎಂದು ಕೂಗಿದ. ಅತ್ತೆ ಅಡುಗೆಮನೆಯಿಂದ ತನ್ನ ಹೆಸರು ತಾನೇ ಹೇಳಿದಳು. ಮಾಸ್ತರರು ನಗುತ್ತ, ಯಜಮಾನರ ಹೆಸರು ಏನವ್ವ ಎಂದು ಅವಳನ್ನು ಕೇಳಿದರು. ನಿಮ್ಮ ಮುಂದೇ ಕುಂತಾರಲ್ಲ, ಅವರನ್ನೇ ಕೇಳ್ರಿ ಎಂದಳು. ಮಾಸ್ತರರು ಚಹಾ ಕುಡಿದು ಏಳುವಾಗ, ಇಬ್ಬರ ಹೆಸರೂ ಸಿಕ್ಕವು, ಆದರೆ ನಿಮ್ಮಿಬ್ಬರಿಗೆ ಗುರುತು ಐತಿ ಅನ್ನೋದಕ್ಕ ಸಾಕ್ಷಿ ಸಿಗಲಿಲ್ಲ ನೋಡ್ರಿ ಎಂದು ಹೇಳಿ ಹೋದರು.

ಮಾಮಾನದು ಮೆಣಸಿನಕಾಯಿ ದಲಾಲಿ ಅಂಗಡಿ. ಬೇರೆ ದಲಾಲರು ಬಣ್ಣ ನೋಡುತ್ತಾರೆ, ಮುರಿದು ವಾಸನೆ ನೋಡುತ್ತಾರೆ. ಮಾಮಾ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ ಇದೆ. ಆ ಕಿವಿಯ ಹುಚ್ಚು ಎಲ್ಲಿಯವರೆಗೆ ಹೋಗಿತ್ತೆಂದರೆ, ರಾಣೇಬೆನ್ನೂರಿನಲ್ಲಿ ಅತ್ತೆಗೆ ಚಪ್ಪಲಿ ಕೊಳ್ಳಲು ಹೋದಾಗ ಅಂಗಡಿಯವನು ಮೆತ್ತನೆಯ ರಬ್ಬರಿನ ಹೊಸ ಜೋಡು ತೆಗೆದ. ಅತ್ತೆ ಮೆಟ್ಟಿ ನಾಲ್ಕು ಹೆಜ್ಜೆ ನಡೆದು, ಹತ್ತಿಯ ಮೇಲೆ ನಡೆದಂತಿದೆ ಎಂದು ಖುಷಿಪಟ್ಟಳು. ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ ಮಾಮಾ, ಅವು ಬ್ಯಾಡ, ಸದ್ದ ಇಲ್ಲ ಅಂದ. ಸದ್ದು ಯಾಕ್ರಿ ಬೇಕು ಚಪ್ಪಲಿಗೆ ಎಂದು ಅಂಗಡಿಯವನು ಕಣ್ಣು ಬಿಟ್ಟ. ಕೊನೆಗೆ ಹಿಂದಿನ ವರ್ಷದಂಥದ್ದೇ, ನೆಲಕ್ಕೆ ಚಟಕ್ ಎಂದು ಬಡಿಯುವ ಗಟ್ಟಿ ಚರ್ಮದ ಜೋಡು ಬಂತು. ಮಾಮಾ ಹೆಂಡತಿಯ ಚಪ್ಪಲಿಯನ್ನೂ ಮೆಣಸಿನಕಾಯಿಯಂತೆ ಅಲ್ಲಾಡಿಸಿ ನೋಡಿ ತರುತ್ತಾನೆ ಎಂದು ನಮ್ಮ ಬಳಗದಲ್ಲಿ ವರ್ಷಗಟ್ಟಲೆ ನಕ್ಕಿದ್ದೇ ನಕ್ಕಿದ್ದು.

ಇಂಥ ಮಾಮಾ ಪರದೇಶಕ್ಕೆ ಹೋದ ಕತೆ ಇದು.

ತೊಂಬತ್ತನೆಯ ಇಸವಿ. ಯುಗಾದಿ ಮುಗಿದಿತ್ತು, ಪೇಟೆಗೆ ಮೆಣಸಿನಕಾಯಿ ಬರುವುದು ಕಡಿಮೆಯಾಗಿತ್ತು. ಹಾವೇರಿಯಿಂದ ಕಾಶಿ, ಅಲ್ಲಿಂದ ನೇಪಾಳದ ಪಶುಪತಿನಾಥ ಎಂದು ಒಂದು ಯಾತ್ರೆಯ ಬಸ್ಸು ಹೊರಟಿತ್ತು. ಪಶುಪತಿನಾಥನನ್ನು ನೋಡಬೇಕೆನ್ನುವುದು ಅತ್ತೆಯ ಬಹಳ ದಿನದ ಆಸೆ. ಅದನ್ನು ಅವಳು ಮಾಮಾನ ಬೆನ್ನಿಗೆ ಎಷ್ಟೋ ಸಲ ಹೇಳಿದ್ದಳು. ಒಂದು ದಿನ ಆ ಬೆನ್ನು, ಹೂಂ ಅಂದಿತು! ಅತ್ತೆಗೆ ಮಾತಿಗೆ ಯಾರಾದರೂ ಬೇಕಲ್ಲ, ಬರೀ ಬೆನ್ನಿನ ಜೊತೆ ಅಷ್ಟು ದೂರ ಹೋಗುವುದು ಹೇಗೆ? ಹಾವೇರಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಸೂಟಿ ಹಾಕಿಸಿ ಜೊತೆಗೆ ಕರೆದುಕೊಂಡಳು.

ಬಸ್ಸಿನ ಡ್ರೈವರ್ ಹಾವೇರಿಯ ಬಾಷಾ ಚಾಚಾ. ಉತ್ತರದ ಹಾದಿಗಳೆಲ್ಲ ಅವರಿಗೆ ಬಾಯಿಪಾಠ. ನಮ್ಮ ಜೊತೆ ಕನ್ನಡ, ಮನೆಯಲ್ಲಿ ಉರ್ದು. ಹಾಗಾಗಿ ನಮ್ಮ ಸೀಮೆ ದಾಟಿ ಮುಂದೆ ಹೋದಂತೆಲ್ಲ ನಮ್ಮ ಬಾಯಿಗಳು ಮುಚ್ಚುತ್ತ ಬಂದವು, ಚಾಚಾನ ಬಾಯಿ ತೆರೆಯುತ್ತ ಹೋಯಿತು. ಬಸ್ಸಿನಲ್ಲಿ ಒಣಗಿಸಿದ ಕಟಿ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಕೆಂಪು ಖಾರ. ಮಾಮಾ ಪರದೇಶಕ್ಕೆಂದು ಒಂದು ಕೋಟು ಇಸ್ತ್ರಿ ಮಾಡಿಸಿ, ಕಾಶಿಯವರೆಗೂ ಅದನ್ನು ಮುಟ್ಟದೆ ಕಾದಿಟ್ಟಿದ್ದ. ರಕ್ಸೌಲ್ ಗಡಿಯಲ್ಲಿ ಕೋಟು ತೊಟ್ಟು ಇಳಿದು, ಪರದೇಶ ಎಲ್ಲಿಂದ ಶುರು ಎಂದು ಕೇಳಿದ. ಚಾಚಾ ಒಂದು ಕಮಾನಿನ ಕಡೆ ಕೈ ಮಾಡಿದರು. ಅದರ ಕೆಳಗೆ ಎರಡು ಎತ್ತುಗಳು ಯಾರನ್ನೂ ಕೇಳದೆ ಆಚೆ ಹೋಗುತ್ತಿದ್ದವು. ಮಾಮಾ ಸ್ವಲ್ಪ ಹೊತ್ತು ನೋಡಿ, ಕೋಟು ಬಿಚ್ಚಿ ಮಡಿಸಿ ಒಳಗಿಟ್ಟ.

ಆದರೆ ಗಡಿ ದಾಟಿದ ಮೇಲೆ ಅವನಿಗೆ ಸಮಾಧಾನವಾಗುವ ಒಂದು ಸಂಗತಿ ತಿಳಿಯಿತು. ಆ ದೇಶದ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದೆ! ಎಲ್ಲರೂ ಕೈಗಡಿಯಾರ ತಿದ್ದಿಕೊಳ್ಳುತ್ತಿದ್ದಾಗ, ಇಡೀ ಒಂದು ದೇಶ ನಿಮ್ಮ ಮಾಮಾನ ಹಂಗ ಮುಂದ ಮುಂದ ಹೊಂಟೈತಿ ನೋಡು ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು.

ಕಠ್ಮಂಡುವಿನಲ್ಲಿ ನಾವು ಇಳಿದ ಲಾಡ್ಜು ಊರ ನಡುವೆ ಇತ್ತು. ಸಂಜೆ ದೀಪ ಹತ್ತಿಸುವ ಹೊತ್ತಿಗೆ ಊರೆಲ್ಲ ಒಮ್ಮೆಗೇ ಕತ್ತಲಾಯಿತು. ಮಾಮಾನಿಗೆ ಬ್ಯಾಡಗಿಯಲ್ಲೇ ಇದ್ದಷ್ಟು ಹಾಯೆನಿಸಿತು. ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಲಾಡ್ಜಿನ ಮುದುಕನನ್ನು ಚಾಚಾನ ಮೂಲಕ ಕೇಳಿಸಿದ. ಮುದುಕ ಹೇಳಿದ್ದನ್ನು ಚಾಚಾ ನಮಗೆ ತಿಳಿಸಿದರು. ಕರೆಂಟು ಹೋಗಿರಲಿಲ್ಲ. ಊರಿನವರೇ ತಮ್ಮ ತಮ್ಮ ಮನೆಯ ದೀಪ ಆರಿಸಿದ್ದರು. ತಮ್ಮ ಮಾತಿಗೆ ಬೆಲೆ ಇರುವ ಸರಕಾರ ಬೇಕು ಎಂದು ದೊರೆಯನ್ನು ಕೇಳುತ್ತಿದ್ದರಂತೆ; ಕೇಳಿಸುತ್ತಿಲ್ಲವಾದ್ದರಿಂದ ಕತ್ತಲೆ ಮಾಡಿ ತೋರಿಸುತ್ತಿದ್ದರಂತೆ. ಮಾಮಾ ಕಿಟಕಿಯ ಹತ್ತಿರ ಹೋಗಿ ನಿಂತ. ಕಣ್ಣಿಗೆ ಕಾಣುವಷ್ಟು ದೂರ ಒಂದು ಮಿಣುಕು ಕೂಡ ಇರಲಿಲ್ಲ. ಕರೆಂಟಿಗಾಗಿ ಗೋಗರೆದು ಬದುಕಿದ ನಮಗೆ, ಕರೆಂಟು ಇದ್ದೂ ಆರಿಸಿ ಕೂತ ಒಂದು ಇಡೀ ಊರನ್ನು ನೋಡಿ ಮೈ ಜುಮ್ಮೆಂದಿತು. ಕೂಸುಗಳಿದ್ದ ಮನಿಯವರೂ ಆರಿಸ್ಯಾರೇನು ಎಂದು ಅತ್ತೆ ಕೇಳಿದಳು. ಚಾಚಾ ಮುದುಕನನ್ನು ಕೇಳಿ, ಎಲ್ಲಾರೂ ಅಂತವ್ವ ಎಂದರು.

ಮರುದಿನ ಬೆಳಿಗ್ಗೆ ಪಶುಪತಿನಾಥನ ದರ್ಶನ ಚೆನ್ನಾಗಿಯೇ ಆಯಿತು. ತಿರುಗಿ ಬರುವಾಗ ಊರಿನ ಹೊರಗೇ ಬಸ್ಸು ನಿಂತಿತು. ಮುಂದೆ ರಸ್ತೆ ಬಂದ್, ಅಂಗಡಿಗಳು ಬಂದ್. ಸಂಜೆ ಕರ್ಫ್ಯೂ ಹಾಕಬಹುದು, ಅಷ್ಟರೊಳಗೆ ದಾರಿ ತೆರೆದರೆ ಹೋಗೋಣ, ಎಲ್ಲರೂ ಬಸ್ಸಿನಲ್ಲೇ ಕೂತಿರಿ ಎಂದರು ಚಾಚಾ. ಎಲ್ಲರೂ ಕೂತರು. ನಮ್ಮ ಮಾಮಾ ಕೂರುವುದುಂಟೇ? ಲಾಡ್ಜಿಗೆ ಕಾಲು ತಾಸಿನ ಹಾದಿ, ನಡೆದು ಹೋಗೋಣ ಎಂದು ಇಳಿದೇಬಿಟ್ಟ. ಅವನು ಇಳಿದ ಮೇಲೆ ಅತ್ತೆ, ಅತ್ತೆಯ ಹಿಂದೆ ನಾನು. ಭಾಷೆ ಬಾರದವರನ್ನು ಬಿಡುವುದು ಹೇಗೆಂದು ಬಸ್ಸನ್ನು ಕ್ಲೀನರನಿಗೆ ಒಪ್ಪಿಸಿ ಚಾಚಾನೂ ಗೊಣಗುತ್ತ ಬಂದರು.

ಎರಡು ಓಣಿ ದಾಟಿ ಮೂರನೆಯದರ ತಿರುವಿನಲ್ಲಿ ಮಾಮಾ ಎಂದಿನ ಹಾಗೆ ರಭಸದಿಂದ ತಿರುಗಿದ. ಹಿಂದೆಯೇ ನಾವೂ ತಿರುಗಿದೆವು. ತಿರುಗಿದವರು ಹಾಗೇ ನಿಂತೆವು.

ಅಷ್ಟು ಜನರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅಗಲವಾದ ರಸ್ತೆ ಈ ಗೋಡೆಯಿಂದ ಆ ಗೋಡೆಯವರೆಗೆ ತಲೆಗಳಿಂದ ತುಂಬಿತ್ತು. ಬಿಳಿ ಕೋಟಿನ ಡಾಕ್ಟರರು, ಪುಸ್ತಕ ಹಿಡಿದ ಹುಡುಗಿಯರು, ಬೆನ್ನಿಗೆ ಕೂಸು ಕಟ್ಟಿಕೊಂಡ ತಾಯಂದಿರು, ಕೋಲೂರಿದ ಅಜ್ಜಂದಿರು. ಒಬ್ಬನು ಕೂಗಿದರೆ ಸಾವಿರ ಜನ ಉತ್ತರ ಕೊಡುತ್ತಿದ್ದರು, ಆ ಉತ್ತರ ಎದೆಯ ಗೂಡಿನೊಳಗೆ ಬಂದು ಬಡಿಯುತ್ತಿತ್ತು. ಮಾಳಿಗೆಗಳ ಮೇಲಿಂದ ಹೆಂಗಸರು ತಂಬಿಗೆಗಳಲ್ಲಿ ನೀರು ಇಳಿಸುತ್ತಿದ್ದರು. ಒಬ್ಬರ ಮುಖದಲ್ಲೂ ಗದ್ದಲವೆಬ್ಬಿಸಲು ಬಂದವರ ಕಳೆ ಇರಲಿಲ್ಲ. ಮನೆಯ ಕೆಲಸ ಬದಿಗಿಟ್ಟು, ಮಾಡಲೇಬೇಕಾದ ಇನ್ನೊಂದು ಕೆಲಸಕ್ಕೆ ಬಂದವರ ಹಾಗಿದ್ದರು. ಭಯವಾಗಬೇಕಿತ್ತು. ನನಗೆ ಕೈ ಮುಗಿಯಬೇಕು ಅನಿಸಿತು.

ರಸ್ತೆಯ ಆಚೆ ಬದಿಗೆ ನಮ್ಮ ಲಾಡ್ಜಿನ ಓಣಿ. ಮಾಮಾ ಒಂದು ಗಳಿಗೆ ನೋಡಿ, ಬ್ಯಾಡಗಿ ಪೇಟೆಯಲ್ಲಿ ಚೀಲಗಳ ನಡುವೆ ನುಗ್ಗುವಂತೆ ನುಗ್ಗಿದ. ಚಾಚಾ ನನ್ನ ರಟ್ಟೆ ಹಿಡಿದು ಅವನ ಹಿಂದೆ ಎಳೆದರು. ಜನ ಜಾಗ ಬಿಟ್ಟರು, ಆದರೆ ಜನವೇ ನಡೆಯುತ್ತಿತ್ತಲ್ಲ! ನಾವು ಅಡ್ಡ ಹೋಗುತ್ತಿದ್ದೇವೆ ಅಂದುಕೊಂಡಿದ್ದೆವು, ಅವರ ಜೊತೆ ಉದ್ದಕ್ಕೆ ಹೋಗುತ್ತಿದ್ದೆವು. ಹುಟ್ಟಿದಾಗಿನಿಂದ ಎಲ್ಲರಿಗಿಂತ ಮುಂದೆ ನಡೆದ ಮಾಮಾನ ಮುಂದೆ ಈಗ ಸಾವಿರಾರು ಬೆನ್ನುಗಳಿದ್ದವು. ಕೊನೆಗೆ ಎದುರು ಬದಿಯ ಒಂದು ಗುಡಿಯ ಕಟ್ಟೆ ಸಿಕ್ಕಿತು. ಹತ್ತಿ ನಿಂತೆವು.

ಆಗ ಮಾಮಾ ತಿರುಗಿದ.

ನಾನು ಅದನ್ನು ಮರೆಯುವುದಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲನೆಯ ಸಲ ಹಿಂತಿರುಗಿ ನೋಡಿದ ಮಾಮಾನಿಗೆ ಹಿಂದೆ ಅತ್ತೆ ಕಾಣಲಿಲ್ಲ.

ನಾನು ಇದ್ದೆ, ಚಾಚಾ ಇದ್ದರು, ಅತ್ತೆ ಇರಲಿಲ್ಲ. ಅವಳು ನನ್ನ ಮುಂದೆಯೇ ಇದ್ದಾಳೆ ಎಂದು ನಾನು, ನನ್ನ ಹಿಂದೆ ಇದ್ದಾಳೆ ಎಂದು ಚಾಚಾ ಅಂದುಕೊಂಡಿದ್ದೆವು. ಮಾಮಾನ ಮುಖ ಸುಣ್ಣವಾಗಿತ್ತು. ಅತ್ತೆಗೆ ಕನ್ನಡ ಬಿಟ್ಟು ಇನ್ನೊಂದು ಭಾಷೆ ಬರದು. ಲಾಡ್ಜಿನ ಹೆಸರು ಗೊತ್ತಿಲ್ಲ, ಬಸ್ಸು ನಿಂತ ಜಾಗದ ಹೆಸರು ಗೊತ್ತಿಲ್ಲ. ಎಲ್ಲಿಗೆ ಹೋಗುವಾಗಲೂ ಅವಳಿಗೆ ಗೊತ್ತಿರಬೇಕಾಗಿದ್ದದ್ದು ಒಂದು ಬೆನ್ನು ಮಾತ್ರ. ಹೊತ್ತು ಮಧ್ಯಾಹ್ನ ದಾಟುತ್ತಿತ್ತು. ಕರ್ಫ್ಯೂ ಬಿದ್ದರೆ ಬೀದಿಯಲ್ಲಿದ್ದವರ ಗತಿ ಏನು ಎಂದು ನಾವು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ನಾನು ಅತ್ತೀ ಎಂದು ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಚಾಚಾ ಕಟ್ಟೆಯ ಕೆಳಗಿದ್ದ ಒಬ್ಬರನ್ನು ಹಿಡಿದು ನಿಲ್ಲಿಸಿದರು. ಬಣ್ಣದ ಟೋಪಿ, ದಪ್ಪ ಚಷ್ಮಾ, ಕಂಕುಳಲ್ಲಿ ಕೊಡೆ. ನಮ್ಮ ಶಾಲೆಯ ಹಿರಿಯ ಮಾಸ್ತರರ ಹಾಗೆ ಕಾಣುತ್ತಿದ್ದರು. ಚಾಚಾ ಹೇಳಿದ್ದನ್ನೆಲ್ಲ ಕೇಳಿ ಅವರು ಕೇಳಿದ್ದು ಒಂದೇ ಮಾತು: ಆ ತಾಯಿಯ ಹೆಸರೇನು?

ಚಾಚಾ ಮಾಮಾನ ಕಡೆ ನೋಡಿದರು. ಮಾಮಾ ಬಾಯಿ ತೆರೆದ.

"ಬ್ಯಾಡಗಿಯಾಕಿ ಅನ್ರಿ," ಅಂದ.

"ಸಾವಕಾರ್ರ, ಇಲ್ಲಿ ಬ್ಯಾಡಗಿ ಯಾರಿಗೆ ಗೊತ್ತೈತ್ರಿ? ಹೆಸರು ಬೇಕು," ಅಂದರು ಚಾಚಾ.

ನಾನೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಾಮಾ ಕಟ್ಟೆಯ ತುದಿಗೆ ಹೋಗಿ, ಎರಡೂ ಕೈ ಬಾಯಿಯ ಸುತ್ತ ಹಿಡಿದು, ಹೊಟ್ಟೆಯ ಆಳದಿಂದ ಕೂಗಿದ.

"ನೀಲವ್ವಾ!"

ಹೆಸರು ಕೂಗಿದ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಇಪ್ಪತ್ತೆಂಟು ವರ್ಷ ಒಳಗೆ ಕೂಡಿಟ್ಟಿದ್ದ ಅಷ್ಟೂ ಹೆಸರನ್ನು ಒಂದೇ ಸಲಕ್ಕೆ ಹೊರಗೆ ಹಾಕಿದ. ಮತ್ತೆ ಕೂಗಿದ, ಮತ್ತೆ ಕೂಗಿದ. ಟೋಪಿಯವರು ಮಾಮಾನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಕೊಡೆ ಮೇಲೆತ್ತಿ ತಮ್ಮ ಸುತ್ತಲಿನವರಿಗೆ ಏನೋ ಹೇಳಿದರು, ತಾವೂ ಕೂಗಿದರು: ನೀಲವ್ವಾ! ಅವರ ಪಕ್ಕದ ಹತ್ತು ಜನ ಕೂಗಿದರು. ಅವರ ಹಿಂದಿನವರು ಕೂಗಿದರು. ಮನೆಗೆ ಸ್ಲ್ಯಾಬು ಹಾಕುವಾಗ ಬುಟ್ಟಿ ಕೈಯಿಂದ ಕೈಗೆ ಹೋಗುತ್ತದಲ್ಲ, ಹಾಗೆ ನಮ್ಮತ್ತೆಯ ಹೆಸರು ಬಾಯಿಂದ ಬಾಯಿಗೆ ದಾಟುತ್ತ ರಸ್ತೆಯುದ್ದಕ್ಕೂ ಹೋಯಿತು. ಘೋಷಣೆ ಕೂಗುತ್ತಿದ್ದವರು ಸುಮ್ಮನಾದರು. ಮಾಳಿಗೆಯ ಹೆಂಗಸರು ಬಗ್ಗಿ ಕೂಗಿದರು.

ನೀವು ಒಮ್ಮೆ ಯೋಚಿಸಿ ನೋಡಿ! ಆ ಜನ ಬಂದದ್ದು ತಮ್ಮ ದೊರೆಯನ್ನು ಕೇಳಲಿಕ್ಕೆ. ತಿರುಗಿ ಮನೆಗೆ ಹೋಗುತ್ತೇವೋ ಇಲ್ಲವೋ ಎಂಬ ಖಾತ್ರಿ ಅವರಲ್ಲಿ ಯಾರಿಗೂ ಇರಲಿಲ್ಲ. ಅಂಥವರು ತಮ್ಮ ದೇಶದ ಮಾತನ್ನು ಗಳಿಗೆ ಹೊತ್ತು ಬದಿಗಿಟ್ಟು, ತಾವು ಕಂಡರಿಯದ ಬ್ಯಾಡಗಿಯ ಒಬ್ಬ ಹೆಂಗಸನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಾನು ನಿಂತಲ್ಲೇ ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ದೂರದಲ್ಲಿ ಕೈಗಳು ಮೇಲೆದ್ದವು. ಗೆರೆ ಎಳೆದಂತೆ ಜನ ಎರಡು ಕಡೆ ಸರಿಯುತ್ತ ಬಂದರು. ನಡುವಿನ ಸಣ್ಣ ದಾರಿಯಲ್ಲಿ, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಚಪ್ಪಲಿ ಕೈಯಲ್ಲಿ, ಸೆರಗು ತಲೆ ತುಂಬ ಹೊದ್ದು ನಮ್ಮತ್ತೆ ನಡೆದು ಬಂದಳು. ಅವಳ ಮುಂದೆ ಯಾರೂ ಇರಲಿಲ್ಲ. ದಾರಿಯ ಕೊನೆಗೆ ಮಾಮಾ ಅವಳ ಕಡೆ ಮುಖ ಮಾಡಿ ನಿಂತಿದ್ದ.

ಹತ್ತಿರ ಬಂದು, ತಲೆ ತಗ್ಗಿಸಿ, ಸಿಟ್ಟಿನಿಂದಲೇ ಕೇಳಿದಳು.

"ಇಷ್ಟು ಮಂದಿ ಮುಂದ ಹೆಸರು ಹಿಡಿದು ಕರೀತಾರೇನ್ರಿ?"

ಮಾಮಾ, ಚಪ್ಪಲಿ ಹರೀತೇನು ಎಂದು ಕೇಳಿ, ಅವಳ ಕೈಯಿಂದ ಅದನ್ನು ತೆಗೆದುಕೊಂಡ. ತನ್ನ ಇಸ್ತ್ರಿಯ ಜುಬ್ಬಾದ ಎದೆಗೆ ಹೆಂಡತಿಯ ಧೂಳು ಮೆತ್ತಿದ ಚಪ್ಪಲಿ ಒತ್ತಿಕೊಂಡು ನಿಂತ ಮಾಮಾನನ್ನು ಬ್ಯಾಡಗಿಯವರು ಯಾರಾದರೂ ನೋಡಬೇಕಿತ್ತು!

ಆದದ್ದು ಇಷ್ಟೇ. ಜನರ ನಡುವೆ ಬರುವಾಗ ಚಪ್ಪಲಿಯ ಉಂಗುಟ ಕಿತ್ತಿತ್ತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಬೆನ್ನು ಕಾಣೆಯಾಗಿತ್ತು. ಅಲ್ಲಿನ ಹೆಂಗಸರು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಟ್ಟಿದ್ದರು. ಗಂಡನ ಹೆಸರೇನೆಂದು ಕೇಳಿದ್ದು ಸನ್ನೆಯಿಂದಲೇ ಗೊತ್ತಾಗಿ, ಆ ಗಂಡಾಂತರದಲ್ಲೂ ಅತ್ತೆ ಸೆರಗು ಬಾಯಿಗೆ ಹಿಡಿದಿದ್ದಳು! ಆಮೇಲೆ ತನ್ನ ಹೆಸರು ಕೇಳಿಸಿತಂತೆ. ಸಾವಿರ ಮಂದಿ ನನ್ನ ಹೆಸರು ಕರೀತಾರಂದ್ರ ನಿಮ್ಮ ಮಾಮಾ ಇನ್ನಿಲ್ಲ ಅಂತ ಎದಿ ಒಡೀತು ನನಗ ಎಂದು ನನಗೆ ಹೇಳಿದಳು. ಅವರು ಇದ್ದಿದ್ದರೆ 'ಏ' ಅನ್ನುತ್ತಿದ್ದರು, ಹೆಸರು ಯಾಕೆ ಬರುತ್ತಿತ್ತು ಎಂಬುದು ಅವಳ ಲೆಕ್ಕ.

ಜನ ಮತ್ತೆ ನಡೆಯತೊಡಗಿದರು. ಟೋಪಿಯವರು ಅತ್ತೆಗೆ ಕೈ ಮುಗಿದು, ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಅವರ ಜೊತೆ ಸೇರಿ ಹೋದರು. ಇವರೆಲ್ಲ ದೊರೆಯನ್ನು ಏನು ಕೇಳುತ್ತಿದ್ದಾರೆ ಎಂದು ಅತ್ತೆ ಚಾಚಾನನ್ನು ವಿಚಾರಿಸಿದಳು. ಚಾಚಾನಿಗೆ ರಾಜಕೀಯವನ್ನು ಅತ್ತೆಗೆ ತಿಳಿಯುವ ಹಾಗೆ ಹೇಳುವುದು ಹೇಗೆಂದು ಗೊತ್ತಾಗಲಿಲ್ಲ. ಸ್ವಲ್ಪ ಯೋಚಿಸಿದರು.

"ನೀ ಮುಂದ ಹೊಂಟೀದಿ, ನಾವು ಹಿಂದ ಅದೇವಿ. ಒಂದು ಸಲ ತಿರುಗಿ ನಮ್ಮನ್ನ ನೋಡು ಅನ್ನಾಕತ್ತಾರವ್ವ."

ಅತ್ತೆ ಜನರನ್ನೇ ನೋಡುತ್ತ ನಿಂತಳು.

"ನೋಡ್ತಾನ ತಗೋರಿ ಚಾಚಾ," ಅಂದಳು. "ಒಬ್ಬೊಬ್ಬರಿಗೆ ಹೊತ್ತು ಹಿಡೀತೈತಿ."

ಮಾಮಾ ಕೆಮ್ಮಿದ. ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

ಲಾಡ್ಜು ಸೇರಿದ ಸ್ವಲ್ಪ ಹೊತ್ತಿಗೆ, ಆ ಜನ ಹೋದ ದಿಕ್ಕಿನಿಂದ ಗುಂಡಿನ ಸದ್ದು ಕೇಳಿಸಿತು. ಮೊದಲು ನಾನು ಪಟಾಕಿ ಅಂದುಕೊಂಡೆ. ಲಾಡ್ಜಿನ ಮುದುಕ ಬಾಗಿಲು ಹಾಕಿ, ಗೋಡೆಗೆ ಹಣೆ ಹಚ್ಚಿ ನಿಂತದ್ದನ್ನು ನೋಡಿದ ಮೇಲೆ ತಿಳಿಯಿತು. ಕರ್ಫ್ಯೂ ಬಿತ್ತು. ಆ ಸಂಜೆ ನಮ್ಮ ಕೋಣೆಯ ದೀಪವನ್ನು ಯಾರೂ ಹೇಳದೆಯೇ ಅತ್ತೆ ಆರಿಸಿದಳು. ಕತ್ತಲಲ್ಲಿ ಮೂವರೂ ಕೂತೆವು. ಟೋಪಿಯವರ ಮಾತನ್ನು ಯಾರೂ ಎತ್ತಲಿಲ್ಲ.

ಕರ್ಫ್ಯೂ ಸಡಿಲಿಸಿದಾಗ ಚಾಚಾ ಹೇಗೋ ನಮ್ಮನ್ನು ಬಸ್ಸಿಗೆ ಮುಟ್ಟಿಸಿದರು, ಬಸ್ಸನ್ನು ಗಡಿಗೆ ಮುಟ್ಟಿಸಿದರು. ಮುಂದೆ ಹಾದಿಯಲ್ಲಿ ಚಹಾಕ್ಕೆ ನಿಂತಿದ್ದಾಗ ಅಂಗಡಿಯ ರೇಡಿಯೋದಲ್ಲಿ ಬಂದ ಸುದ್ದಿಯನ್ನು ಚಾಚಾ ಹೇಳಿದರು: ದೊರೆ ಜನರ ಮಾತಿಗೆ ಒಪ್ಪಿದ್ದ. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ಉತ್ತರದ ಕಡೆ ತಿರುಗಿ ಕೈ ಮುಗಿದಳು. ಮಾಮಾ ಮಾತ್ರ ರೇಡಿಯೋಕ್ಕೆ ಕಿವಿ ಹಚ್ಚಿ, ಸುದ್ದಿ ಮುಗಿದು ಹಾಡು ಶುರುವಾದ ಮೇಲೂ ಕೂತಿದ್ದ. ಮತ್ತೇನು ಹೇಳುತ್ತಾರೆಂದು ಕಾಯುತ್ತಿದ್ದನೋ, ನಾನು ಕೇಳಲಿಲ್ಲ.

ಬ್ಯಾಡಗಿಯಲ್ಲಿ ಇಳಿದಾಗ ಬೆಳಗಿನ ಬಿಸಿಲು ಏರುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಮಾಮಾ ಅತ್ತೆಯ ಜೊತೆಜೊತೆಗೆ ನಡೆಯುತ್ತಾನೆ ಎಂದು ನಾನು ಆಸೆಯಿಂದ ಕಾದೆ. ಎಲ್ಲಿಯ ಮಾತು! ಚೀಲ ಹೆಗಲಿಗೆ ಹಾಕಿದ, ಹೊರಟೇಬಿಟ್ಟ. ಅದೇ ಬೆನ್ನು, ವಲ್ಲಿಯ ಅದೇ ಮಡಿಕೆ. ಹಿಂದೆ ಅತ್ತೆ. ಕಿತ್ತ ಉಂಗುಟಕ್ಕೆ ಪಿನ್ನು ಹಾಕಿಕೊಂಡಿದ್ದಳು, ಒಂದು ಕಾಲು ಚಟಕ್ ಎಂದರೆ ಇನ್ನೊಂದು ಸರ್ರ್ ಎಂದು ಎಳೆಯುತ್ತಿತ್ತು. ಅತ್ತೆಗೆ ಬೆನ್ನು ಸಿಕ್ಕಿತು, ಮುಗಿಯಿತು ಕತೆ ಎಂದು ನನಗೆ ಸಿಟ್ಟೇ ಬಂತು. ಆ ಸಿಟ್ಟು ಅವಳಿಗೂ ತಿಳಿದಿರಬೇಕು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಮೇನ್ ರೋಡಿನ ನಡುವೆ ಗಕ್ಕನೆ ನಿಂತಳು.

ಚಪ್ಪಲಿಯ ಸದ್ದು ನಿಂತಿತು. ಮುಂದೆ ಅಷ್ಟು ದೂರದಲ್ಲಿ ಮಾಮಾನೂ ನಿಂತ. ತಿರುಗಲಿಲ್ಲ, ಸುಮ್ಮನೆ ನಿಂತ. ಅತ್ತೆ ಒಂದು ಹೆಜ್ಜೆ ಇಟ್ಟಳು, ಚಟಕ್. ಮಾಮಾ ಒಂದು ಹೆಜ್ಜೆ ಇಟ್ಟ. ಅತ್ತೆ ನಿಂತಳು, ಮಾಮಾ ನಿಂತ.

"ಇದು ಇವತ್ತಿಂದಲ್ಲ," ಅಂದಳು ಅತ್ತೆ ಮೆಲ್ಲಗೆ. "ಮದುವಿಯಾದಾಗಿಂದ ಹಿಂಗ. ಅಲ್ಲಿ ಅಷ್ಟು ಗದ್ದಲದಾಗ ಅವರಿಗೆ ಕೇಳ್ಸಲಿಲ್ಲ, ಅಷ್ಟ."

ರಾಣೇಬೆನ್ನೂರಿನ ಚಪ್ಪಲಿ ಅಂಗಡಿ ನನಗೆ ನೆನಪಾಯಿತು. ನಾವೆಲ್ಲ ನಕ್ಕದ್ದೂ ನೆನಪಾಯಿತು. ಇಪ್ಪತ್ತೆಂಟು ವರ್ಷ ಈ ಮನುಷ್ಯ ಮುಂದೆ ನಡೆದದ್ದು ನಿಜ, ಆದರೆ ಅವನ ಕಿವಿ ಒಂದು ದಿನವೂ ಅವಳನ್ನು ಬಿಟ್ಟು ಮುಂದೆ ಹೋಗಿರಲಿಲ್ಲ.

ಅತ್ತೆ ಇನ್ನೂ ನಿಂತೇ ಇದ್ದಳು. ಆಗ ಮಾಮಾ, ಬ್ಯಾಡಗಿಯ ಮೇನ್ ರೋಡಿನಲ್ಲಿ, ಅಂಗಡಿಯವರೆಲ್ಲ ಬಾಗಿಲು ತೆಗೆಯುತ್ತಿದ್ದ ಹೊತ್ತಿನಲ್ಲಿ, ತಿರುಗಿದ. ಬೈಯುತ್ತಾನೆ ಅಂದುಕೊಂಡೆ. ಅವನ ಕಣ್ಣು ತುಂಬಿದ್ದವು.

"ನಿನ್ನ ಹೆಸರು ಊರಿಗೆಲ್ಲಾ ಮುಟ್ಟಿಸಿದ ಆ ಪುಣ್ಯಾತ್ಮ," ಅಂದ. "ಅವನ ಹೆಸರು ನಾವು ಕೇಳಲೇ ಇಲ್ಲಲ್ಲ, ನೀಲವ್ವ."

ಅತ್ತೆ ಚಪ್ಪಲಿ ಎಳೆಯುತ್ತ ಲಗುಬಗೆಯಿಂದ ಹೋಗಿ ಅವನ ಪಕ್ಕದಲ್ಲಿ ನಿಂತಳು. ಮನೆಯವರೆಗೂ ಇಬ್ಬರೂ ಜೊತೆಗೇ ನಡೆದರು. ಹಿಂದೆ ನಾನೊಬ್ಬಳೇ. ಆ ದಿನ ನನ್ನ ಕಣ್ಣ ಮುಂದೆ ಎರಡು ಬೆನ್ನುಗಳಿದ್ದವು.